ಮುಗಳೂರಿನ ಹೊಳೆ ದಾರಿ

ಅವರೆಕಾಯಿಯ ಕಾಲ. ಹಲಸೂರಿನ ಕೆರೆ ಕಡೆಯ ಓಣಿಯೊಂದರಲ್ಲಿ ಭಾನುವಾರ ಬೆಳಿಗ್ಗೆ ಮುನಿರಾಜಪ್ಪನ ಮನೆಯವರೆಲ್ಲ ಜಗಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದರು. ಮುನಿರಾಜಪ್ಪ ಸುಲಿದು ಹಾಕಿದ ಕಾಳಿನ ಜೊತೆಗೆ ಒಂದು ಹಸಿರು ಹುಳುವೂ ಪಾತ್ರೆಗೆ ಬಿತ್ತು.

“ಅಪ್ಪ, ಹುಳ” ಎಂದಳು ಮಗಳು ಪಿಳ್ಳಮ್ಮ.

“ಎಲ್ಲೇ?”

“ನಿನ್ನ ಮುಂದೇನೇ. ತೆವಳ್ತಾ ಐತಲ್ಲ.”

ಮುನಿರಾಜಪ್ಪ ಪಾತ್ರೆಯೊಳಗೆ ಬೆರಳಾಡಿಸಿದ. ಹುಳು ಇದ್ದದ್ದು ಈ ಅಂಚಿನಲ್ಲಿ, ಅವನು ಹುಡುಕಿದ್ದು ಆ ಅಂಚಿನಲ್ಲಿ. “ಹುಳ ಇಲ್ಲದಿರೋ ಕಾಯಿ ಯಾವ ಸಂತೇಲಿ ಸಿಗ್ತದೆ? ತೆಗೆದು ಬಿಸಾಕು” ಎಂದು ಮೊರವನ್ನು ಆಚೆ ತಳ್ಳಿ ಎದ್ದುಹೋದ.

ಅವನ ಹೆಂಡತಿ ಆದಿಲಕ್ಷ್ಮಮ್ಮ ಹುಳುವನ್ನು ತಾನೇ ತೆಗೆದು ಬಿಸಾಡಿದಳು. ಹಿಂದಿನ ವಾರ ಅವನು ಮುದ್ದೆಯ ತಟ್ಟೆ ಬಿಟ್ಟು ಪಕ್ಕದ ನೆಲಕ್ಕೆ ಸಾರು ಸುರಿದುಕೊಂಡದ್ದು ಅವಳಿಗೆ ನೆನಪಾಯಿತು. ಅದಕ್ಕೂ ಮುಂಚೆ ಹೊಸಿಲ ಬಳಿ ಕೂತಿದ್ದ ತನ್ನ ತಾಯಿಯ ಕಾಲನ್ನೇ ತುಳಿದಿದ್ದ.

ಮುನಿರಾಜಪ್ಪನಿಗೆ ಆಗ ನಲವತ್ತೊಂಬತ್ತು ವರ್ಷ. ಈಗಿನ ಶಿವಾಜಿನಗರವನ್ನು ಜನ ಬ್ಲಾಕ್‌ಪಲ್ಲಿ ಎಂದು ಕರೆಯುತ್ತಿದ್ದ ಕಾಲ. ಅಲ್ಲಿಂದ ಮುಗಳೂರಿಗೆ ಹೋಗುತ್ತಿದ್ದ ಬಸ್ಸಿಗೆ ಅವನು ಹದಿನೆಂಟು ವರ್ಷದಿಂದ ಡ್ರೈವರು. ಬಸ್ಸು ಇನಾಯತ್ ಉಲ್ಲಾ ಸಾಹೇಬರದು. ಯುದ್ಧ ನಡೆಯುತ್ತಿದ್ದುದರಿಂದ ಪೆಟ್ರೋಲೆಲ್ಲ ದಂಡಿನ ಪಾಲಾಗಿ, ಊರಿನ ಬಸ್ಸುಗಳು ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಒಲೆಗೆ ಇದ್ದಿಲು ತುಂಬುವುದು, ಟಿಕೆಟ್ಟು ಕೊಡುವುದು, ಮೂಟೆಗಳನ್ನು ಮೇಲೇರಿಸುವುದು ಎಲ್ಲವೂ ಮುನಿರಾಜಪ್ಪನ ತಮ್ಮ ಚಿನ್ನಪ್ಪನ ಕೆಲಸ. ಅವನೂ ಅದೇ ಮನೆಯಲ್ಲಿದ್ದ. ಇನ್ನೂ ಮದುವೆಯಾಗಿರಲಿಲ್ಲ.

ಕೃಷ್ಣರಾಜಪುರ ದಾಟಿ ಹೊಸಕೋಟೆಯವರೆಗೆ ದಂಡಿನ ಲಾರಿಗಳ ಧೂಳು. ಹೊಸಕೋಟೆಯಲ್ಲಿ ತೆಂಕಣಕ್ಕೆ ತಿರುಗಿದರೆ ಧೂಳು ಮುಗಿದು ನೆರಳು ಶುರುವಾಗುತ್ತಿತ್ತು. ಪಿನಾಕಿನಿ ಹೊಳೆ ಬಲಕ್ಕೆ ಬಂದು ಸೇರಿಕೊಂಡರೆ ಮುಗಳೂರಿನವರೆಗೂ ಜೊತೆ ಬಿಡುತ್ತಿರಲಿಲ್ಲ. ಹೊಳೆ ಬಳುಕಿದ ಕಡೆ ರಸ್ತೆಯೂ ಬಳುಕುತ್ತಿತ್ತು. ಮೇಲ್ಗಡೆ ಹೊಂಗೆ, ಹುಣಸೆ. ಕೆಳಗಡೆ ಮರಳು, ಮರಳಿನ ನಡುವೆ ತಿಳಿನೀರು, ಬಂಡೆಗಳ ಮೇಲೆ ಅಗಸರು ಹರಡಿದ ಸೀರೆಗಳು. ದಂಡಿನ ದೊರೆಗಳು ರಜೆಯ ದಿನ ಮೋಟಾರಿನಲ್ಲಿ ಹೆಂಡತಿಯರನ್ನು ಕರೆತಂದು ಹೊಳೆದಂಡೆಯಲ್ಲಿ ಬುಟ್ಟಿ ಬಿಚ್ಚಿ ಊಟ ಮಾಡಿಕೊಂಡು ಹೋಗುತ್ತಿದ್ದರು. ಬಸ್ಸಿನಲ್ಲಿ ಹೊಳೆ ಕಡೆಯ ಕಿಟಕಿಗಾಗಿ ದಿನವೂ ಜಗಳ. ಆ ದಾರಿಯಲ್ಲಿ ಮೂವತ್ತೊಂದು ತಿರುವುಗಳಿದ್ದವು. ಒಂದಕ್ಕೂ ಅಡ್ಡಗೋಡೆ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಆದಿಲಕ್ಷ್ಮಮ್ಮ ತನ್ನ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಪಿಳ್ಳಮ್ಮನನ್ನು ಕರೆದುಕೊಂಡು ಮುಗಳೂರಿಗೆ ಹೋದಳು. ಅದು ಅವಳ ತವರು. ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಮಧ್ಯಾಹ್ನ ಊಟ ಮುಗಿಸಿ ಸಂಜೆಯ ಬಸ್ಸಿಗೆ ಹಿಂತಿರುಗುವಾಗ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಳು.

ಚಿನ್ನಪ್ಪ ಟಿಕೆಟ್ಟು ಕೊಟ್ಟು ಮುಗಿಸಿ ಮುಂದೆ ಬಂದು ಅಣ್ಣನ ಪಕ್ಕದಲ್ಲಿ ಕಂಬ ಹಿಡಿದು ನಿಂತ. ಯಾರಿಗೂ ಅಲ್ಲ ಎಂಬಂತೆ ಮಾತಾಡತೊಡಗಿದ.

“ಗಾಡಿ ಒಂದು ಬರ್ತಾ ಐತೆ, ಹುಲ್ಲು ಹೇರವ್ರೆ. ಇನ್ನೂ ದೂರ. ಈಗ ಹತ್ರ ಬಂತು.”

ಮುನಿರಾಜಪ್ಪ ಬಸ್ಸನ್ನು ಪಕ್ಕಕ್ಕೆ ತೆಗೆದ.

“ಕುರಿ ಅವೆ. ಎಡಕ್ಕೆ. ಹೋದ್ವು, ಹೋದ್ವು.”

ಪಿಳ್ಳಮ್ಮ ನಕ್ಕಳು. “ಚಿಕ್ಕಪ್ಪ ಯಾಕವ್ವ ದಾರಿಲಿರೋದ್ನೆಲ್ಲ ಲೆಕ್ಕ ಹಾಕ್ತಾನೆ?”

ಆದಿಲಕ್ಷ್ಮಮ್ಮ ನಗಲಿಲ್ಲ. ಅವಳು ಗಂಡನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು. ಅದು ಬೆವರಿತ್ತು.

ಹೊಳೆಗೆ ಹಳ್ಳವೊಂದು ಬಂದು ಸೇರುವಲ್ಲಿ ಒಂದು ತಗ್ಗು ಸೇತುವೆ. ಇಳಿಜಾರಿನಲ್ಲಿ ಬಸ್ಸು ಇಳಿಯುವಾಗ ಎಡಗಡೆಯ ಹೊಳೆಯ ನೀರಿಗೆ ಸಂಜೆಯ ಬಿಸಿಲು ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಇಳಿಯಬೇಕೆಂದು ಕೂಗಿದರು. ಚಿನ್ನಪ್ಪ ಹಿಂದಕ್ಕೆ ತಿರುಗಿದ. ಅಷ್ಟರಲ್ಲಿ ಸೇತುವೆಯ ನಡುವೆ ಒಬ್ಬ ಮುದುಕಿ ತಲೆಯ ಮೇಲೆ ನೀರಿನ ಕೊಡ ಹೊತ್ತು ಬರುತ್ತಿದ್ದುದು ಆದಿಲಕ್ಷ್ಮಮ್ಮನಿಗೆ ಕಾಣಿಸಿತು. ಬಸ್ಸು ನಿಧಾನವಾಗಲಿಲ್ಲ. ಮುದುಕಿ ಬಸ್ಸು ನಿಲ್ಲುತ್ತದೆಂದು ನಂಬಿ ನಡೆಯುತ್ತಲೇ ಇದ್ದಳು.

“ಅಣ್ಣ, ನಿಲ್ಸು” ಎಂದು ಚಿನ್ನಪ್ಪ ಕಿರುಚಿದ.

ಬ್ರೇಕು ಬಿತ್ತು. ಮೇಲಿದ್ದ ಮೂಟೆಗಳು ಉರುಳಿದವು. ಮುದುಕಿ ಕೊಡ ಬಿಟ್ಟು ಸೇತುವೆಯ ಕಲ್ಲಿಗೆ ಒರಗಿಕೊಂಡಳು. ಅವಳಿಗೂ ಬಸ್ಸಿನ ಮೂತಿಗೂ ನಡುವೆ ಒಂದು ಮೊಳ ಜಾಗವಿತ್ತು.

ಬಸ್ಸಿನವರೆಲ್ಲ ಮುದುಕಿಯನ್ನೇ ಬೈದರು. ಕಿವಿ ಕೇಳಿಸಲ್ವೇನಮ್ಮ, ಸಾಯೋಕೆ ಬೇರೆ ಜಾಗ ಇರ್ಲಿಲ್ವಾ ಎಂದರು. ಡ್ರೈವರು ಪುಣ್ಯಾತ್ಮ, ಸರಿಯಾದ ಹೊತ್ತಿಗೆ ನಿಲ್ಲಿಸಿದ ಎಂದು ಒಬ್ಬರು ಹೊಗಳಿದರು. ಮುನಿರಾಜಪ್ಪ ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಹಾಗೇ ಕೂತಿದ್ದ. ಆದಿಲಕ್ಷ್ಮಮ್ಮ ಇಳಿದುಹೋಗಿ ಮುದುಕಿಯ ಕೈ ಹಿಡಿದು ಕೂರಿಸಿ, ನೀರು ಕುಡಿಸಿ ಬಂದಳು.

ಮನೆಗೆ ಬಂದು ಒಲೆ ಹಚ್ಚಿದ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

“ಎಷ್ಟು ದಿನದಿಂದ ಚಿನ್ನಪ್ಪ ನಿಮಗೆ ದಾರಿ ಹೇಳ್ತಾವ್ನೆ?”

“ಏನ್ ದಾರಿ? ಆ ರಸ್ತೆ ನಂಗೆ ನಿದ್ದೇಲೂ ಗೊತ್ತು.”

“ರಸ್ತೆ ಗೊತ್ತು. ರಸ್ತೆ ಮೇಲಿರೋರು ಗೊತ್ತಾ?”

“ಹದಿನೆಂಟು ವರ್ಷ ಆಯ್ತು. ಒಂದು ನಾಯಿ ಬಿದ್ದಿಲ್ಲ ನನ್ನ ಗಾಲಿಗೆ.”

“ಇವತ್ತು ಬೀಳ್ತಿತ್ತು. ನಾಯಿ ಅಲ್ಲ.”

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ, ಮುನಿರಾಜಪ್ಪನ ತಾಯಿ, ಕೈ ನಿಲ್ಲಿಸಿದಳು. “ದುಡಿದು ಬಂದೋನಿಗೆ ಒಂದು ಲೋಟ ನೀರು ಕೊಡೋದು ಬಿಟ್ಟು ವಿಚಾರಣೆ ಮಾಡ್ತೀಯಲ್ಲೇ” ಎಂದಳು.

“ನೀವು ಸುಮ್ಕಿರಿ ಅತ್ತೆ. ಚಿನ್ನಪ್ಪ, ನೀನು ಹೇಳು.”

ಚಿನ್ನಪ್ಪ ಗೋಡೆ ನೋಡುತ್ತ, “ಸಂಜೆ ಹೊತ್ತು ಕಷ್ಟ ಅತ್ತಿಗೆ. ಬೆಳಿಗ್ಗೆ ಪರವಾಗಿಲ್ಲ. ಹೊಗೆ ತುಂಬಿದ ಮನೆ ಒಳಗಿಂದ ನೋಡ್ದಂಗೆ ಕಾಣ್ತದಂತೆ. ದಸರಾದಿಂದ” ಎಂದ.

“ದಸರಾದಿಂದ? ನಾಲ್ಕು ತಿಂಗಳು?”

“ಅಣ್ಣ ಆಣೆ ಇಡಿಸ್ಕೊಂಡಿತ್ತು.”

ಮುನಿರಾಜಪ್ಪ ತಮ್ಮನನ್ನು ದುರುಗುಟ್ಟಿ ನೋಡಿದ. ನೋಡಿದ್ದು ತಮ್ಮನ ತಲೆಗಿಂತ ತುಸು ಪಕ್ಕಕ್ಕೆ. ಪಿಳ್ಳಮ್ಮ ಅದನ್ನು ಕಂಡು ಅಡಿಗೆಮನೆಗೆ ಹೋಗಿಬಿಟ್ಟಳು.

“ಆಸ್ಪತ್ರೆಗೆ ಹೋಗಿ ತೋರಿಸ್ಕೊಳಿ” ಎಂದಳು ಆದಿಲಕ್ಷ್ಮಮ್ಮ.

“ತೋರಿಸಿದ್ರೆ ಡಾಕ್ಟರು ಬರೀತಾನೆ. ಬರೆದ್ರೆ ಲೈಸೆನ್ಸ್ ಹೋಗ್ತದೆ. ಆಮೇಲೆ ನಾನೇನು ಮಾಡ್ಲಿ? ನಿನ್ ಪಕ್ಕ ಕೂತ್ಕೊಂಡು ಗುಂಡಿ ಹೊಲೀಲಾ?”

ಆದಿಲಕ್ಷ್ಮಮ್ಮ ಮತ್ತು ಪಿಳ್ಳಮ್ಮ ಕಂಟ್ರಾಕ್ಟರೊಬ್ಬನ ಹತ್ತಿರ ಸಿಪಾಯಿಗಳ ಖಾಕಿ ಅಂಗಿಗಳನ್ನು ತಂದು ಗುಂಡಿ ಹೊಲಿದುಕೊಡುತ್ತಿದ್ದರು. ಆ ಮಾತು ಆದಿಲಕ್ಷ್ಮಮ್ಮನನ್ನು ನೋಯಿಸಿತು. ಆದರೂ ತಟ್ಟೆ ಹಾಕಿ, ಮುದ್ದೆ ಬಡಿಸಿ, ಸಾರನ್ನು ತಾನೇ ಬಿಟ್ಟಳು.

“ಯುಗಾದಿ ತನಕ ತಡಿ. ಆಮೇಲೆ ನೋಡೋಣ” ಎಂದ ಅವನು.

ಅವಳು ಎರಡು ವಾರ ತಡೆದಳು. ದಿನಾ ಸಂಜೆ ಗುಂಡಿ ಹೊಲಿಯುವಾಗ ಕೈ ನಿಲ್ಲುತ್ತಿತ್ತು. ಬಸ್ಸು ಹಲಸೂರಿಗೆ ಬಂದು ಹಾರನ್ನು ಒತ್ತುವ ಸದ್ದು ಕೇಳಿದ ಮೇಲೆಯೇ ಮತ್ತೆ ಸೂಜಿ ಆಡುತ್ತಿತ್ತು. ಒಂದು ಸಂಜೆ ಬಸ್ಸು ಬಹಳ ತಡವಾಯಿತು. ಬಸ್ಸಿನ ಒಲೆ ಆರಿಹೋಗಿತ್ತಂತೆ, ಅಷ್ಟೇ. ಆದರೆ ಆ ಹೊತ್ತಿನಷ್ಟೂ ಅವಳು ಬೀದಿಯಲ್ಲಿ ನಿಂತಿದ್ದಳು. ಪಕ್ಕದ ಮನೆಯ ಹೆಂಗಸು ಬಂದು, “ನಾಳೆ ನಮ್ಮ ಮಗಳು ಕೂಸನ್ನ ಎತ್ಕೊಂಡು ನಿಮ್ಮ ಬಸ್ಸಲ್ಲೇ ಊರಿಗೆ ಹೋಗ್ತಾಳೆ. ಮುನಿರಾಜಪ್ಪ ಇದ್ರೆ ಭಯ ಇಲ್ಲ” ಎಂದು ಹೇಳಿ ಹೋದಳು.

ಮಾರನೆಯ ದಿನ ಬಸ್ಸು ಹೊರಡುವ ಮುಂಚೆಯೇ ಆದಿಲಕ್ಷ್ಮಮ್ಮ ಹೊಲಿದ ಅಂಗಿಗಳ ಗಂಟು ಕೊಡುವ ನೆಪದಲ್ಲಿ ಮನೆ ಬಿಟ್ಟು ಬ್ಲಾಕ್‌ಪಲ್ಲಿಗೆ ನಡೆದಳು.

ಇನಾಯತ್ ಉಲ್ಲಾ ಸಾಹೇಬರ ಮನೆ ಮಾರುಕಟ್ಟೆಯ ಹಿಂದೆ. ಸಾಹೇಬರು ಚಹಾಕ್ಕೆ ಬನ್ನು ಅದ್ದಿ ತಿನ್ನುತ್ತಿದ್ದರು.

“ಬನ್ನಿ ಅಮ್ಮ, ಕೂತ್ಕೊಳ್ಳಿ. ಮುನಿರಾಜ್‌ಗೆ ತಬಿಯತ್ ಸರಿ ಇಲ್ವಾ?”

“ಕಣ್ಣು ಸರಿ ಇಲ್ಲ ಸಾಹೇಬ್ರೆ. ದಸರಾದಿಂದ. ಅವರು ಹೇಳಿಲ್ಲ. ನಾನು ಹೇಳ್ತಾ ಇದ್ದೀನಿ.”

ಅವಳು ಸೇತುವೆಯ ಸಂಗತಿಯನ್ನು ಹೇಳಿದಳು. ಸಾಹೇಬರು ಬನ್ನನ್ನು ತಟ್ಟೆಯಲ್ಲಿಟ್ಟರು.

“ನಾಲ್ಕು ತಿಂಗಳು. ನಮ್ ತಂಗಿ ಮಕ್ಕಳು ಅದೇ ಬಸ್ಸಲ್ಲಿ ಹೊಸಕೋಟೆಗೆ ಹೋಗ್ತಾರೆ ಅಮ್ಮ. ಯಾ ಅಲ್ಲಾ.” ಆಮೇಲೆ ದನಿ ತಗ್ಗಿಸಿ, “ಮುನಿರಾಜ್ ನಂಗೆ ತಮ್ಮನ ಥರ. ಷೆಡ್ಡಲ್ಲಿ ಏನಾದ್ರೂ ಕೆಲಸ ಕೊಡ್ತೀನಿ. ಯಾರು ಹೇಳಿದ್ರು ಅಂತ ನಾನು ಬಾಯಿ ಬಿಡಲ್ಲ” ಎಂದರು.

“ಇಲ್ಲ ಸಾಹೇಬ್ರೆ. ನೀವು ಹೇಳ್ದೆ ಇದ್ರೆ ಚಿನ್ನಪ್ಪನ ಮೇಲೆ ಅನುಮಾನ ಬರ್ತದೆ. ನಾನೇ ಹೇಳ್ದೆ ಅಂತ ಹೇಳಿ.”

ಆ ದಿನ ಬಸ್ಸು ಹೊರಡಲಿಲ್ಲ. ಮುನಿರಾಜಪ್ಪ ಹತ್ತು ಗಂಟೆಗೆಲ್ಲ ಮನೆಗೆ ಬಂದ. ಖಾಕಿ ಕೋಟು ಕಳಚಿ ಗೂಟಕ್ಕೆ ಹಾಕಲು ಹೋದ. ಗೂಟ ಸಿಗಲಿಲ್ಲ. ಕೋಟು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಜಗಲಿಗೆ ಹೋಗಿ ಕೂತ. ಹೆಂಡತಿ ಊಟಕ್ಕೆ ಕರೆದಳು. ಅವನು ಮುಖ ಆಚೆ ತಿರುಗಿಸಿದ. ಮಗಳು ಕರೆದಳು. “ನಿಮ್ಮವ್ವ ಮಾಡಿದ್ದು ನಂಗೆ ಬೇಡ” ಎಂದ.

ಅಜ್ಜಿ ಅಂದೇ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಮಗನಿಗೆ ಅವಳೇ ಬೇಯಿಸಿ ಹಾಕತೊಡಗಿದಳು. ಮುದುಕಿಯ ಮುದ್ದೆಯಲ್ಲಿ ಗಂಟು, ಸಾರಿನಲ್ಲಿ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಅವನು ಮಾತಿಲ್ಲದೆ ಉಂಡು ಏಳುತ್ತಿದ್ದ.

ಸಾಹೇಬರು ಚಿನ್ನಪ್ಪನನ್ನು ಕರೆದು, ನಿನಗೆ ಲೈಸೆನ್ಸ್ ಇದೆಯಲ್ಲ, ನೀನೇ ಓಡಿಸು ಎಂದರು. ಅವನು ಒಲ್ಲೆ ಎಂದು ಬಂದ. ಸಾಹೇಬರು ಅಕ್ತರ್ ಎಂಬ ಲಾರಿ ಡ್ರೈವರನ್ನು ಸದ್ಯಕ್ಕೆ ಹಾಕಿಕೊಂಡರು.

“ಯಾಕೋ ಬೇಡ ಅಂದೆ?” ಆದಿಲಕ್ಷ್ಮಮ್ಮ ಕೇಳಿದಳು.

“ಅಣ್ಣನ್ನ ಇಳಿಸಿ ತಾನು ಹತ್ತಿ ಕೂತ ಅಂತಾರೆ ಅತ್ತಿಗೆ. ಗೇರು ಹಾಕೋದು ಕಲಿಸಿದ್ದೇ ಅಣ್ಣ.”

“ಅಕ್ತರ್ ಎಷ್ಟು ದಿನ ಇರ್ತಾನೆ? ಅವನಿಗೆ ದಂಡಿನ ಲಾರಿ ಮೇಲೆ ಆಸೆ.”

“ಇರೋಷ್ಟು ದಿನ ಇರ್ಲಿ. ನೀವು ಮಾಡಿದ್ದು ಸರಿ ಇರ್ಬಹುದು. ಆದ್ರೆ ನಂಗೂ ಒಂದು ಮಾತು ಹೇಳಿ ಹೋಗ್ಬೇಕಿತ್ತು.”

“ನೀನು ನಂಗೆ ನಾಲ್ಕು ತಿಂಗಳು ಹೇಳ್ಲಿಲ್ಲವಲ್ಲಪ್ಪ.”

ಚಿನ್ನಪ್ಪ ಟೋಪಿ ತೆಗೆದುಕೊಂಡು ಹೊರಟುಹೋದ.

ಮನೆಯಲ್ಲಿ ಎರಡು ಒಲೆ ಉರಿಯುವುದು ಮೂರು ವಾರ ನಡೆಯಿತು. ಪಿಳ್ಳಮ್ಮನಿಗೆ ಸೌದೆ ಹೊತ್ತು ಸಾಕಾಯಿತು. ಒಂದು ಮಧ್ಯಾಹ್ನ ಅಜ್ಜಿ ಒಲೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಾಗ ಹೋಗಿ ನಿಂತಳು.

“ಅಜ್ಜಿ, ಕಲ್ಲೆಲ್ಲ ಅಕ್ಕಿಲೇ ಐತೆ. ನೀನು ಅಕ್ಕಿನ ಆಚೆ ಹಾಕ್ತಾ ಇದ್ದೀಯ.”

ಅಜ್ಜಿ ಕೈ ನಿಲ್ಲಿಸಿದಳು. ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, “ಎಡಗಣ್ಣು ಕಾಣಲ್ಲ ಕಣೇ. ಬಹಳ ವರ್ಷ ಆಯ್ತು” ಎಂದಳು.

“ಅಪ್ಪನಿಗೆ ಹೇಳಿದ್ದೀಯಾ?”

“ಅವನಿಗೆ ಯಾಕೆ ಹೇಳ್ಬೇಕು? ದುಡಿಯೋ ಮಗ.”

ಪಿಳ್ಳಮ್ಮ ಮೊರವನ್ನು ತಾನೇ ಎಳೆದುಕೊಂಡು ಕಲ್ಲು ಆರಿಸಿದಳು. “ನೀನು ಹೇಳದೆ ಇದ್ದೆ. ಅಪ್ಪನೂ ಹಂಗೇ ಹೇಳದೆ ಇತ್ತು. ಅವ್ವ ಒಬ್ಬಳು ಹೇಳಿದ್ದಕ್ಕೆ ಈ ಮನೇಲಿ ಎರಡು ಒಲೆ” ಎಂದಳು.

ಅಜ್ಜಿ ಆ ದಿನವೆಲ್ಲ ಯಾರನ್ನೂ ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಜಗಲಿಗೆ ಬಂದು ಮಗನ ಮುಂದೆ ನಿಂತಳು.

“ನಂಗೆ ಒಂದು ಕಣ್ಣು ಕಾಣಲ್ಲ. ಪೇಟೆ ಕಣ್ಣಾಸ್ಪತ್ರೆಗೆ ಹೋಗ್ಬೇಕು. ಕರ್ಕೊಂಡು ಹೋಗೋರು ಯಾರು? ಚಿನ್ನಪ್ಪ ಕೆಲ್ಸಕ್ಕೆ ಹೋಗವ್ನೆ. ನೀನು ಸುಮ್ಮನೆ ಕೂತಿದ್ದೀಯ.”

ಮುನಿರಾಜಪ್ಪ ಬೇರೆ ದಾರಿ ಕಾಣದೆ ಎದ್ದ. ಜಟಕಾದಲ್ಲಿ ಹೋದರು. ಆಸ್ಪತ್ರೆಯ ಡಾಕ್ಟರು ಮುದುಕಿಯ ರೆಪ್ಪೆ ಎತ್ತಿ ದೀಪ ಬಿಟ್ಟು ನೋಡಿದರು.

“ಅಜ್ಜಿ, ಒಳಗೆ ನರ ಒಣಗಿಹೋಗಿದೆ. ಹತ್ತು ವರ್ಷ ಮುಂಚೆ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು.”

“ನಂದು ಹೋಗ್ಲಿ ಬಿಡಿ ಸ್ವಾಮಿ. ಇವಂದು ನೋಡಿ” ಎಂದು ಮುದುಕಿ ಮಗನ ತೋಳು ಹಿಡಿದು ಮುಂದಕ್ಕೆ ಎಳೆದಳು. ಹಿಂದೆ ಜನ ಸಾಲಾಗಿ ಕೂತಿದ್ದರು. ಜಗಳವಾಡುವುದಕ್ಕೆ ಅದು ಜಾಗವಲ್ಲ. ಅವನು ಕೂತ.

ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಬಲಿತಿದೆ, ತೆಗೆದರೆ ಕಾಣುತ್ತದೆ ಎಂದರು ಡಾಕ್ಟರು.

ಹೊರಗೆ ಬೇವಿನ ಮರದ ಕೆಳಗೆ ಜಟಕಾಕ್ಕೆ ಕಾಯುವಾಗ ಮುನಿರಾಜಪ್ಪ ಕೇಳಿದ. “ಹತ್ತು ವರ್ಷದಿಂದ ನಿಂಗೆ ಕಾಣ್ತಿರ್ಲಿಲ್ವಾ ಅವ್ವ?”

“ಒಂದು ಐತಲ್ಲ.”

“ಯಾಕೆ ಹೇಳ್ಲಿಲ್ಲ?”

“ನೀನು ಯಾಕೆ ಹೇಳ್ಲಿಲ್ಲ?”

ಜಟಕಾ ಬಂದಾಗ ಮೆಟ್ಟಿಲು ಎಲ್ಲಿದೆಯೆಂದು ಇಬ್ಬರೂ ತಡಕಿದರು. ಜಟಕಾದವನೇ ಇಳಿದು ಇಬ್ಬರನ್ನೂ ಹತ್ತಿಸಿದ.

ಯುಗಾದಿಯ ಹೊತ್ತಿಗೆ ಮುನಿರಾಜಪ್ಪ ಆಸ್ಪತ್ರೆಯ ಮಂಚದ ಮೇಲಿದ್ದ. ಬಲಗಣ್ಣಿನ ಪೊರೆ ತೆಗೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಹತ್ತು ದಿನ ತಲೆ ಅಲುಗಿಸಕೂಡದು, ಜೋರಾಗಿ ಕೆಮ್ಮಕೂಡದು, ಏಳಕೂಡದು. ತಲೆಯ ಎರಡು ಕಡೆಗೂ ಮರಳಿನ ಚೀಲ. ಊಟವನ್ನು ಯಾರಾದರೂ ಬಾಯಿಗೆ ಇಡಬೇಕು.

ಬೆಳಿಗ್ಗೆ ಪಿಳ್ಳಮ್ಮ ಗಂಜಿ ತರುತ್ತಿದ್ದಳು. ಮಧ್ಯಾಹ್ನ ಆದಿಲಕ್ಷ್ಮಮ್ಮ ಅನ್ನವನ್ನು ಮೆತ್ತಗೆ ಕಲಸಿ ತಂದು, ಮಾತಾಡದೆ ತುತ್ತು ತುತ್ತಾಗಿ ಇಡುತ್ತಿದ್ದಳು. ಉಣಿಸುವುದು ತಾನೆಂದು ಅವನಿಗೆ ತಿಳಿಯದಿರಲೆಂದು, ಬಳೆ ಸದ್ದು ಮಾಡದಂತೆ ಮೊಣಕೈಯವರೆಗೆ ಏರಿಸಿಕೊಳ್ಳುತ್ತಿದ್ದಳು. ಅವನೂ ಏನೂ ಕೇಳದೆ ಉಣ್ಣುತ್ತಿದ್ದ. ಆರನೆಯ ದಿನ ತುತ್ತು ನುಂಗಿ, “ಬಳೆ ಇಳಿಸ್ಕೋ. ಕೈ ಬಿಗಿದು ನೋವಾಗ್ತದೆ” ಎಂದ.

ಅವಳ ಕೈ ಅಲ್ಲೇ ನಿಂತಿತು. “ಯಾವಾಗ ಗೊತ್ತಾಯ್ತು?”

“ಮೊದಲ್ನೇ ದಿನವೇ. ಸಾರಲ್ಲಿ ಉಪ್ಪು ಸರಿ ಇತ್ತು.”

“ಗೊತ್ತಿದ್ದೂ ಉಂಡ್ರಾ?”

“ಹಸಿವಾಗಿತ್ತು.”

ಪಕ್ಕದ ಮಂಚದ ರೋಗಿ ನಕ್ಕ. ಆದಿಲಕ್ಷ್ಮಮ್ಮನಿಗೆ ಅಳು ಬಂತು. ಅನ್ನದ ಕೈಯನ್ನು ಹಾಗೇ ಹಿಡಿದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ತುತ್ತು ಇಟ್ಟಳು. ಮನೆಗೆ ಹೋದಾಗ ಹಿತ್ತಲಿನ ಮೂರು ಕಲ್ಲುಗಳನ್ನು ಪಿಳ್ಳಮ್ಮ ಬಟ್ಟೆ ಒಗೆಯುವ ಜಾಗಕ್ಕೆ ಹಾಕಿದ್ದಳು. ಅಜ್ಜಿ ಹಾಕಿಸಿದಳಂತೆ.

ಕನ್ನಡಕ ಬರಲು ಇನ್ನೊಂದು ತಿಂಗಳಾಯಿತು. ಅದರ ಗಾಜು ಲೋಟದ ತಳದಷ್ಟು ದಪ್ಪ. ಹಾಕಿಕೊಂಡ ಮೊದಲ ದಿನ ಮುನಿರಾಜಪ್ಪ ಮನೆಯವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದ. “ಪಿಳ್ಳಮ್ಮ ಇಷ್ಟು ದೊಡ್ಡವಳಾಗವ್ಳೆ” ಎಂದ. ಅಂಗಳಕ್ಕೆ ಇಳಿಯುವಾಗ ಸಮನೆಲದಲ್ಲೂ ಕಾಲನ್ನು ಎತ್ತೆತ್ತಿ ಇಟ್ಟ. ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತಿತ್ತಂತೆ.

ಆ ವಾರವೇ ಅಕ್ತರ್ ದಂಡಿನ ಲಾರಿ ಕೆಲಸಕ್ಕೆ ಹೋದ. ಸುದ್ದಿ ತಿಳಿದು ಮುನಿರಾಜಪ್ಪ ಒಬ್ಬನೇ ಸಾಹೇಬರ ಷೆಡ್ಡಿಗೆ ಹೋದ. ನಿಂತಿದ್ದ ಬಸ್ಸನ್ನು ಹತ್ತಿ ತನ್ನ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದ. ಎದುರಿಗಿದ್ದ ಗೋಡೆಯನ್ನು ನೋಡಿದ, ಗೋಡೆಯ ಎರಡು ತುದಿಗಳನ್ನು ನೋಡಿದ. ಸಾಹೇಬರು ಬಾಗಿಲಲ್ಲಿ ನಿಂತು ಕಾದರು. ಅರ್ಧ ಗಂಟೆಯ ಮೇಲೆ ಅವನು ಇಳಿದು ಬಂದ.

“ನಡುವೆ ಚೆನ್ನಾಗಿ ಕಾಣ್ತದೆ ಸಾಹೇಬ್ರೆ. ಅಂಚು ಕಾಣಲ್ಲ. ಹೊಳೆ ದಾರೀಲಿ ಅಂಚೇ ಬೇಕಾಗಿರೋದು. ಚಿನ್ನಪ್ಪನ ಕೈಗೆ ಕೊಡಿ. ಅವನು ಬೇಡ ಅಂದ್ರೆ ನಾನು ಹೇಳ್ದೆ ಅನ್ನಿ.”

“ನೀನು?”

“ಷೆಡ್ಡಲ್ಲಿ ಇರ್ತೀನಿ. ಎಂಜಿನ್ ರಿಪೇರಿಗೆ ಅಂಚು ಬೇಡ.”

ಚಿನ್ನಪ್ಪ ಮೊದಲು ಒಪ್ಪಲಿಲ್ಲ. ಊಟದ ಹೊತ್ತಿಗೆ ಅಣ್ಣನೇ ಮಾತೆತ್ತಿದ.

“ನಾಲ್ಕು ತಿಂಗಳು ನೀನೇ ಓಡಿಸ್ದೆ ಕಣೋ. ನಾನು ಸ್ಟಿಯರಿಂಗ್ ಹಿಡ್ಕೊಂಡಿದ್ದೆ ಅಷ್ಟೇ. ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸು.”

“ಜನ ಬಿಡು ಅಣ್ಣ. ನಿಂಗೆ ಬೇಜಾರಿಲ್ವಾ?”

“ಐತೆ” ಎಂದ ಮುನಿರಾಜಪ್ಪ. “ಇರ್ಲಿ. ಸಾರು ಹಾಕಿಸ್ಕೋ.”

ಆಷಾಢದಲ್ಲಿ ಆದಿಲಕ್ಷ್ಮಮ್ಮನ ಅಣ್ಣನಿಗೆ ಮೈ ಸರಿಯಿಲ್ಲವೆಂದು ಸುದ್ದಿ ಬಂತು. ಈ ಸಲ ಗಂಡ ಹೆಂಡತಿ ಇಬ್ಬರೂ ಹೊರಟರು. ಮುನಿರಾಜಪ್ಪ ಆ ಬಸ್ಸಿನಲ್ಲಿ ಟಿಕೆಟ್ಟು ಪಡೆದು ಕೂತದ್ದು ಅದೇ ಮೊದಲು. ಹೊಸಕೋಟೆ ದಾಟಿ ಹೊಳೆ ಬಲಕ್ಕೆ ಬಂತು. ಮೇಲೆ ಮಳೆಯಾಗಿ ಕೆಂಪು ನೀರು ದಂಡೆಯವರೆಗೂ ತುಂಬಿತ್ತು. ಮರಳೆಲ್ಲ ಮುಳುಗಿತ್ತು. ಹೊಂಗೆಯ ಕೊಂಬೆಗಳು ನೀರಿಗೆ ತಾಗುತ್ತಿದ್ದವು. ಚಿನ್ನಪ್ಪ ತಿರುವುಗಳನ್ನು ನಿಧಾನವಾಗಿ, ಸರಿಯಾಗಿ ತೆಗೆದುಕೊಳ್ಳುತ್ತಿದ್ದ. ಪ್ರತಿ ತಿರುವಿನಲ್ಲೂ ಮುನಿರಾಜಪ್ಪನ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಹಳ್ಳದ ಸೇತುವೆ ಬಂತು. ಅದರ ಮೇಲೆ ಯಾರೂ ಇರಲಿಲ್ಲ. ಬಸ್ಸು ದಾಟಿ ಏರು ಹತ್ತುವಾಗ ಮುನಿರಾಜಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

“ಆವತ್ತು ಆ ಮುದುಕಿ ನಂಗೆ ಕಾಣ್ಲಿಲ್ಲ” ಎಂದ, ಹೆಂಡತಿಗೆ ಮಾತ್ರ ಕೇಳುವಂತೆ. “ಚಿನ್ನಪ್ಪ ಕೂಗಿದ ಮೇಲೂ ಕಾಣ್ಲಿಲ್ಲ. ನೀನು ಇಳಿದುಹೋಗಿ ಕೂರಿಸಿದ್ಯಲ್ಲ, ಆಗ್ಲೇ ಅಲ್ಲೊಬ್ಬರು ಇರೋದು ಕಂಡಿದ್ದು.”

“ಗೊತ್ತು” ಎಂದಳು ಆದಿಲಕ್ಷ್ಮಮ್ಮ.

ಅವಳು ಕಿಟಕಿಯ ಪಕ್ಕದಿಂದ ಎದ್ದು, ಅವನನ್ನು ಅತ್ತ ಸರಿಸಿ, ತಾನು ಈಚೆ ಕೂತಳು. ಮುನಿರಾಜಪ್ಪ ಕನ್ನಡಕ ಹಾಕಿಕೊಂಡು ಹೊಳೆಯ ಕಡೆ ತಿರುಗಿದ. ಮುಗಳೂರು ಬರುವವರೆಗೂ ಅವನು ರಸ್ತೆಯ ಕಡೆ ನೋಡಲಿಲ್ಲ.